ಅರಣ್ಯ ಹಕ್ಕಿನ ಅರ್ಜಿ ಟೈಪಿಂಗ್ ಸೇವೆ, ಸಾಗರ ತಾಲ್ಲೂಕು: 5ಕ್ಕೆ 2

ಟೈಪಿಂಗ್ ಶುದ್ಧವಾಗಿದೆ, ಪ್ರಿಂಟ್ ನೀಟಾಗಿದೆ, ಹೆಚ್ಚು ಕಾಯಿಸುವುದೂ ಇಲ್ಲ. ಆದರೆ ಅರ್ಜಿಯಲ್ಲಿ ಹುರುಳಿಲ್ಲ. ಹಸಲರಂಥ ಸಣ್ಣ ಸಮುದಾಯದವರು ತಲೆತಲಾಂತರದಿಂದ ಉತ್ತ ನೆಲ ಕಳೆದುಕೊಳ್ಳುವುದು ಇಂಥ ಅರ್ಜಿಗಳಿಂದಲೇ.

ಮೊದಲನೆಯದಾಗಿ, ಈ ಅಂಗಡಿಯವರು ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಜೊತೆ ಇದನ್ನು ಬೆರೆಸುತ್ತಾರೆ. ಬಗರ್ ಹುಕುಂನ ನಮೂನೆ 57 ಕಂದಾಯ ಭೂಮಿಯದು. ಕಾಡಿನ ನೆಲಕ್ಕೆ ಬೇಕಿರುವುದು 2006ರ ಅರಣ್ಯ ಹಕ್ಕು ಕಾಯ್ದೆಯ ನಮೂನೆ ಎ.

ದೊಡ್ಡ ಎಡವಟ್ಟು ವರ್ಗದ ಕಾಲಮಿನಲ್ಲಿ. ಹಸಲರು ಪರಿಶಿಷ್ಟ ಪಂಗಡದವರು. 2005ರ ಡಿಸೆಂಬರ್ 13ಕ್ಕೆ ಮೊದಲೇ ನೆಲ ಸ್ವಾಧೀನದಲ್ಲಿತ್ತು ಎಂದು ತೋರಿಸಿದರೆ ಸಾಕು. ಅಂಗಡಿಯವರು ಎಲ್ಲರಿಗೂ 'ಇತರೆ ಪಾರಂಪರಿಕ ಅರಣ್ಯವಾಸಿ' ಎಂದು ಗುರುತು ಹಾಕುತ್ತಾರೆ. ಆಗ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸದ ಪುರಾವೆ ಹುಡುಕುವ ಪಾಡು ಬರುತ್ತದೆ. ಜಾತಿ ಪ್ರಮಾಣಪತ್ರ ಕೈಯಲ್ಲಿಟ್ಟುಕೊಂಡೇ ಹೋಗಿ.

ಪುರಾವೆ ಎಂದರೆ ಇವರಿಗೆ ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್. ಅರಣ್ಯ ಹಕ್ಕು ನಿಯಮಗಳ ನಿಯಮ 13 ಅದಕ್ಕಿಂತ ಎಷ್ಟೋ ಉದಾರವಾಗಿದೆ: ಬದು ಹಾಕಿದ ಗದ್ದೆ, ಬಾವಿ, ಸ್ಮಶಾನ, ದೇವರ ಬನ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಎಲ್ಲವೂ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೆ. ಹಳೆಯ ಒತ್ತುವರಿ ಕೇಸಿನ ಆದೇಶವಿದ್ದರೆ ಹೆದರಿ ಮುಚ್ಚಿಡಬೇಡಿ. ಆದೇಶದ ತಾರೀಖಿನಂದು ನೀವು ಅಲ್ಲಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ಹಿರಿಯರ ಹೇಳಿಕೆಯಂತೂ ಎಲ್ಲ ಅರ್ಜಿಗೂ ಒಂದೇ ಸಾಲು: 'ಇವರು ಬಹಳ ವರ್ಷದಿಂದ ವಾಸವಾಗಿರುತ್ತಾರೆ.' ಇದರಿಂದ ಏನೂ ಸಾಬೀತಾಗುವುದಿಲ್ಲ. ಬಾವಿ ತೋಡಿದವರು ಯಾರು, ಗದ್ದೆಯ ಮೂಡಣಕ್ಕೆ ಏನಿತ್ತು ಎಂದು ಕೇಳಿ ಬರೆಸಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. 'ಲಿಂಗನಮಕ್ಕಿ ನೀರು ನಿಲ್ಲುವ ಮೊದಲೇ ಈ ಬಾವಿ ಇತ್ತು' ಎಂದು ಅಜ್ಜಿಯೊಬ್ಬರು ಹೇಳಿದರೆ ಇಸವಿ ತಾನಾಗಿ ಸಿಕ್ಕಿತು.

ವಿಸ್ತೀರ್ಣದಲ್ಲಿ ಗದ್ದೆ ಮಾತ್ರ ಬರೆದು ಮನೆ, ಹಿತ್ತಿಲು ಬಿಡುತ್ತಾರೆ. ಸ್ವಾಧೀನದಲ್ಲಿರುವಷ್ಟಕ್ಕೆ, 4 ಹೆಕ್ಟೇರ್ ಮೀರದಂತೆ, ಎಲ್ಲವನ್ನೂ ಸೇರಿಸಿ. ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಿಗೂ ಬರಬೇಕಾದ್ದು, ಹೆಂಡತಿಯ ಕಾಲಂ ಖಾಲಿ ಬಿಡಿಸಬೇಡಿ. ಜೇನು, ಸೀಗೆ, ಉಪ್ಪಾಗೆ ಸಂಗ್ರಹದ ಸಮುದಾಯ ಹಕ್ಕಿಗೆ ನಮೂನೆ ಬಿ ಬೇರೆಯೇ ಇದೆ, ಇವರಲ್ಲಿ ಅದು ಸಿಗುವುದಿಲ್ಲ.

ಬರವಣಿಗೆಯನ್ನು ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯವರ ಜೊತೆ ಕೂತು ಊರಲ್ಲೇ ಮುಗಿಸಿ, ಇಲ್ಲಿ ಟೈಪ್ ಮಾತ್ರ ಮಾಡಿಸಿ. ಅರ್ಜಿ ಕೊಡುವುದೂ ಆ ಸಮಿತಿಗೇ. ತಾರೀಖು ಹಾಕಿದ ಸ್ವೀಕೃತಿ ಬಿಡಬೇಡಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಗ್ರಾಮಸಭೆಯ ತೀರ್ಮಾನದ ವಿರುದ್ಧ ಉಪವಿಭಾಗ ಸಮಿತಿಗೆ ಹೋಗಲು 60 ದಿನ ಇರುತ್ತದೆ. ಪರಿಶೀಲನೆ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ, ಇದೇ ಕಾಯ್ದೆಯ ಕಲಂ 4(5).