ಟ್ರಾಲ್ ಬೋಟಿನ ಜಿಪಿಎಸ್ ಪ್ಲಾಟರ್: ಮಲ್ಪೆಯಲ್ಲಿ ನಾಲ್ಕೈದು ಸೀಸನ್ ಬಳಸಿದ ಮೇಲೆ

ಪ್ಲಾಟರ್ ಅಂದರೆ ಬೋಟು ಎಲ್ಲಿದೆ ಅಂತ ನಕ್ಷೆಯ ಮೇಲೆ ತೋರಿಸುವ ಸೆಟ್ಟು. ಹೊಸದಾಗಿ ಇದನ್ನು ತಗೊಳ್ಳುವವರು ಮೊದಲು ಕೇಳುವುದು ಪರದೆ ಎಷ್ಟು ಇಂಚು ಅಂತ. ನನ್ನ ಪ್ರಕಾರ ಅದು ಆಮೇಲಿನ ಮಾತು. ಪಾಯಿಂಟ್ (ಸಮುದ್ರದಲ್ಲಿ ಗುರುತಿಟ್ಟ ಜಾಗ) ಸೇವ್ ಮಾಡುವುದು, ಬೇಕಾದಾಗ ಹುಡುಕುವುದು, ಮೆಮೊರಿ ಕಾರ್ಡಿಗೆ ಇಳಿಸಿಕೊಳ್ಳುವುದು ಎಷ್ಟು ಸುಲಭ ಅಂತ ಮೊದಲು ನೋಡಿ.

ಟ್ರಾಲ್ ಬೋಟು ಹಿಂದೆ ಎಳೆಯುವ ಬಲೆ ನೀರೊಳಗಿನ ಕಲ್ಲಿಗೆ ಸಿಕ್ಕಿ ಹರಿದರೆ ಆ ದಿನದ ದುಡಿಮೆ ಹೋದ ಹಾಗೆಯೇ. ಅದಕ್ಕೇ ಬೋಟು ನಡೆಸುವ ನಮ್ಮ ತಾಂಡೇಲರು ಬಲೆ ಸಿಕ್ಕಿದ ಕೂಡಲೇ ಬಟನ್ ಒತ್ತಿ ಕೆಂಪು ಗುರುತು ಹಾಕುತ್ತಾರೆ. ಆದರೆ ಗುರುತು ಬೀಳುವುದು ಕ್ಯಾಬಿನ್ ಮೇಲಿನ ಆಂಟೆನಾ ಇರುವ ಜಾಗಕ್ಕೆ. ಕಲ್ಲು ಇರುವುದು ಹಿಂದೆ, ಬಲೆಯ ಹತ್ತಿರ. ಬಿಟ್ಟ ರೋಪಿನ ಲೆಕ್ಕ ಹಿಡಿದು ಗುರುತನ್ನು ಅಷ್ಟು ಹಿಂದಕ್ಕೆ ಸರಿಸಬೇಕು. ಈಗ ಪರದೆ ತುಂಬಾ ಇಂಥ ಕೆಂಪು ಚುಕ್ಕೆಗಳು. ಸೆಟ್ ಕೆಟ್ಟರೆ ಅಂಗಡಿಯಲ್ಲಿ ಹೊಸದು ಸಿಗುತ್ತದೆ, ಈ ಚುಕ್ಕೆಗಳು ಎಲ್ಲಿ ಸಿಗುತ್ತವೆ?

ಜಾಗ ಹಿಡಿಯಲು ಸೆಟ್ಟಿಗೆ ಆಕಾಶ ಕಂಡರೆ ಸಾಕು, ಮೊಬೈಲ್ ನೆಟ್‌ವರ್ಕ್ ಬೇಡ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ತಾವೆಲ್ಲಿದ್ದೇವೆ, ಸಮಯ ಎಷ್ಟು ಅಂತ ಹೇಳುತ್ತಲೇ ಇರುತ್ತವೆ. ಸಿಗ್ನಲ್ ಬರಲು ಹಿಡಿದ ಸಮಯದಿಂದ ಸೆಟ್ಟು ದೂರ ಲೆಕ್ಕ ಹಾಕುತ್ತದೆ. ಮೂರು ಉಪಗ್ರಹ ಸಾಲದು, ನಾಲ್ಕು ಬೇಕು. ಯಾಕಂದ್ರೆ ನಮ್ಮ ಸೆಟ್ಟಿನ ಗಡಿಯಾರ ಉಪಗ್ರಹದಲ್ಲಿರುವಷ್ಟು ನಿಖರ ಅಲ್ಲ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಆ ತಪ್ಪು ಹಿಡಿಯಲು ನಾಲ್ಕನೆಯದು.

ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಮೊದಲ ಸಲ ಆನ್ ಮಾಡಿದಾಗ ಸೆಟ್ಟು ಜಾಗ ಹಿಡಿಯಲು ತಡವಾಗುತ್ತದೆ. ಕೆಟ್ಟಿದೆ ಅಂತ ಸುಮ್ನೆ ಆಫ್ ಆನ್ ಮಾಡುತ್ತಾ ಕೂರಬೇಡಿ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಬೋಟು ಕಟ್ಟುವ ದಕ್ಕೆಯಲ್ಲೇ ಆನ್ ಮಾಡಿಟ್ಟು ಐಸ್ ತುಂಬಿಸಿ, ಅಷ್ಟರಲ್ಲಿ ಆಗಿರುತ್ತದೆ.

ಬೇಸರದ ವಿಷಯ ಎರಡು. ಉಪ್ಪು ಗಾಳಿಗೆ ಆಂಟೆನಾ ವಯರಿನ ಪಿನ್ ಹಸಿರುಗಟ್ಟುತ್ತದೆ. ರಿಪೇರಿಗೆ ಕೊಟ್ಟರೆ ವಾರಗಟ್ಟಲೆ ಕಾಯಬೇಕು, ಸೀಸನ್ ಮಧ್ಯದಲ್ಲಿ ಅದು ಬಹಳ ಕಷ್ಟ. ಇನ್ನೊಂದು, ಬೋಟು ನಿಂತಾಗ ಪರದೆಯ ಬಾಣ ಗಿರಗಿರ ತಿರುಗುತ್ತದೆ. ಇದು ಸೆಟ್ಟಿನ ದೋಷ ಅಲ್ಲ. ಜಿಪಿಎಸ್‌ಗೆ ದಿಕ್ಕು ಗೊತ್ತಾಗುವುದು ಬೋಟು ಚಲಿಸಿದಾಗ ಮಾತ್ರ. ಹಾಗಾಗಿ ಕಂಪಾಸ್ ತೆಗೆಯಬೇಡಿ. ನದಿ ಸಮುದ್ರ ಸೇರುವ ಅಳಿವೆ ಬಾಯಲ್ಲಂತೂ ಪರದೆ ನೋಡಿಕೊಂಡು ಬರಬೇಡಿ. ಮರಳು ಸರಿಯುತ್ತಲೇ ಇರುತ್ತದೆ, ನಕ್ಷೆಗೆ ಅದು ತಿಳಿಯುವುದಿಲ್ಲ.

ಬೇರೆ ಬೋಟಿನವರು ವೈರ್‌ಲೆಸ್‌ನಲ್ಲಿ ಪಾಯಿಂಟ್ ಹೇಳಿದಾಗ, ಅದು ದಶಾಂಶ ನಿಮಿಷವೋ ಸೆಕೆಂಡೋ ಕೇಳಿಕೊಳ್ಳಿ. ಇಲ್ಲಿ ನಿಮಿಷ, ಸೆಕೆಂಡ್ ಅಂದರೆ ಗಡಿಯಾರದ್ದಲ್ಲ, ಅಕ್ಷಾಂಶ ರೇಖಾಂಶದ ಡಿಗ್ರಿಯ ಪಾಲುಗಳು. 20.50 ನಿಮಿಷ ಅಂದರೆ 20 ನಿಮಿಷ 30 ಸೆಕೆಂಡ್. ಅದನ್ನೇ 20 ನಿಮಿಷ 50 ಸೆಕೆಂಡ್ ಅಂತ ಹಾಕಿದರೆ ಅಕ್ಷಾಂಶದಲ್ಲಿ 600 ಮೀಟರಿಗೂ ಜಾಸ್ತಿ ಆಚೆ ಹೋಗುತ್ತೀರಿ. ಸೆಟ್ಟಿಂಗ್‌ನಲ್ಲಿ ಎರಡೂ ರೀತಿ ಇವೆ. ಜೊತೆಗೆ ಹೋಗುವ ಬೋಟುಗಳೆಲ್ಲ ಹೊರಡುವ ಮೊದಲೇ ಒಂದೇ ರೀತಿ ಇಟ್ಟುಕೊಳ್ಳುವುದು ಒಳ್ಳೆಯದು.