ಅಡಿಕೆ ಮನೆಯ ಗಾಳಿಯ ಲೆಕ್ಕಕ್ಕೆ ಓಪನ್‌ಫೋಮ್: ಆರು ವರ್ಷಗಳ ಬಳಕೆಯ ಬಳಿಕ

ಬದಿಯಡ್ಕದ ನಮ್ಮ ತೋಟದಲ್ಲಿ ಚಾಲಿ ಅಡಿಕೆ ಒಣಗಿಸಲು ಕಟ್ಟಿದ, ಪಾಲಿಥಿನ್ ಹೊದಿಕೆಯ 3 ಮೀಟರ್ ಎತ್ತರದ ಮನೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ, ಕಿಂಡಿಗಳನ್ನು ಎಲ್ಲಿಟ್ಟರೆ ತೇವ ಬೇಗ ಹೊರಹೋಗುತ್ತದೆ ಎಂದು ತಿಳಿಯಲು ನಾನು ಗಾಳಿ, ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ಓಪನ್‌ಫೋಮ್ ತಂತ್ರಾಂಶವನ್ನು ಬಳಸತೊಡಗಿದೆ. 2004ರಿಂದ ಮುಕ್ತ ತಂತ್ರಾಂಶವಾಗಿರುವ ಇದಕ್ಕೆ ಶುಲ್ಕವಿಲ್ಲ. ಆದರೆ ಗುಂಡಿ ಒತ್ತಿ ಆರಿಸುವ ಪರದೆಯೂ ಇದರ ಜೊತೆಗೆ ಬರುವುದಿಲ್ಲ.

ಲೆಕ್ಕಕ್ಕೆ ತೆಗೆದುಕೊಂಡ ಜಾಗದ ಅಂಚುಗಳಲ್ಲಿ ಗಾಳಿ ಹೇಗಿರಬೇಕೆಂದು ಹೇಳುವ ಗಡಿ ಷರತ್ತುಗಳನ್ನು ಸೊನ್ನೆ (0) ಎಂಬ ಹೆಸರಿನ ಫೋಲ್ಡರಿನಲ್ಲಿ ವೇಗಕ್ಕೊಂದು, ಒತ್ತಡಕ್ಕೊಂದು ಎಂಬಂತೆ ಪಠ್ಯ ಕಡತಗಳಲ್ಲಿ ನಾವೇ ಬರೆಯಬೇಕು. ಒಳಹರಿವಿನಲ್ಲಿ ವೇಗವನ್ನು ನಿಗದಿ ಮಾಡಿದರೆ ಅಲ್ಲಿ ಒತ್ತಡವನ್ನು ನಿಗದಿ ಮಾಡದೆ ಬಿಡಬೇಕು, ಹೊರಹರಿವಿನಲ್ಲಿ ಒತ್ತಡವನ್ನು ಸೊನ್ನೆಗೆ ಕಟ್ಟಿದರೆ ವೇಗವನ್ನು ಬಿಡಬೇಕು. ಈ ಜೋಡಣೆ ಕಣ್ಣೆದುರೇ ಇರುವುದರಿಂದ ತಪ್ಪು ಹುಡುಕುವುದು ಸುಲಭ, ಮತ್ತು ನಾನು ಇದನ್ನು ಬಿಡದಿರುವುದಕ್ಕೆ ಮುಖ್ಯ ಕಾರಣವೂ ಅದೇ.

ಆದರೆ ಗಡಿಯನ್ನು ಎಲ್ಲಿಡಬೇಕೆಂದು ತಂತ್ರಾಂಶ ಹೇಳುವುದಿಲ್ಲ. ಮೊದಲ ವರ್ಷ ಹೊರಹರಿವಿನ ಗಡಿಯನ್ನು ಮನೆಯ ಹಿಂದೆ ಕೇವಲ 6 ಮೀಟರ್ ದೂರದಲ್ಲಿಟ್ಟಿದ್ದೆ. ಸಾವಿರಾರು ಸುತ್ತು ಲೆಕ್ಕ ಓಡಿದರೂ ಶೇಷದ (ಲೆಕ್ಕದಲ್ಲಿ ಇನ್ನೂ ಉಳಿದಿರುವ ತಪ್ಪಿನ) ಗೆರೆ ಇಳಿಯದೆ ಏರಿಳಿಯುತ್ತಲೇ ಇತ್ತು. ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂ ತಂತ್ರಾಂಶದಲ್ಲಿ ವೇಗದ ಬಾಣಗಳನ್ನು ಬಿಡಿಸಿ ನೋಡಿದಾಗ ಮನೆಯ ಹಿಂದಿನ ದೊಡ್ಡ ಸುಳಿಯನ್ನು ಗಡಿ ನಡುವೆಯೇ ಕತ್ತರಿಸಿರುವುದೂ, ಹೊರಹೋಗಬೇಕಾದ ಗಾಳಿ ಅದೇ ಗಡಿಯಿಂದ ಒಳನುಗ್ಗುತ್ತಿರುವುದೂ ಕಾಣಿಸಿತು. ಕಟ್ಟಡಗಳ ಸುತ್ತಲಿನ ಗಾಳಿಗೆ ರೂಢಿಯಲ್ಲಿರುವ ಸಲಹೆಯಂತೆ ಮುಂದೆ, ಮೇಲೆ, ಪಕ್ಕಗಳಲ್ಲಿ ಎತ್ತರದ 5 ಪಟ್ಟು, ಹಿಂದೆ 15 ಪಟ್ಟು, ಅಂದರೆ 15 ಮತ್ತು 45 ಮೀಟರ್ ಜಾಗ ಬಿಟ್ಟು ಮೆಶ್ಶನ್ನು (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಕೋಶಗಳಾಗಿ ವಿಂಗಡಿಸುವ ಬಲೆ) ಹೊಸದಾಗಿ ಕಟ್ಟಿದೆ. ಹೊರಹರಿವಿನ ವೇಗಕ್ಕೆ ಇನ್ಲೆಟ್‌ಔಟ್‌ಲೆಟ್ ಷರತ್ತನ್ನೂ ಹಾಕಿದೆ; ಗಾಳಿ ಹೊರಗೆ ಹರಿಯುವಾಗ ಅದು ಅಡ್ಡಿ ಮಾಡುವುದಿಲ್ಲ, ಹಿಂದಿರುಗಿದರೆ ನಾವು ಕೊಟ್ಟ ಬೆಲೆಯನ್ನೇ ಹಿಡಿಯುತ್ತದೆ. ಶೇಷ ಇಳಿಯಿತು, ಸುಳಿ ಪೂರ್ತಿಯಾಗಿ ಕಾಣಿಸಿತು. ಷರತ್ತು ಬದಲಿಸಿ ಸುಳಿಯನ್ನು ಅದುಮುವುದಕ್ಕಿಂತ ಗಡಿಯನ್ನು ದೂರ ಸರಿಸುವುದೇ ಸರಿಯಾದ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ, ಮೆಶ್ ದೊಡ್ಡದಾಗಿ ಲೆಕ್ಕಕ್ಕೆ ಇಡೀ ರಾತ್ರಿ ಹಿಡಿದರೂ.

ಇನ್ನೊಂದು ಎಚ್ಚರ: ಸಾಂದ್ರತೆ ಬದಲಾಗದೆಂದು ಹಿಡಿಯುವ, ಸಂಕೋಚನವಿಲ್ಲದ ಹರಿವಿನ ಲೆಕ್ಕಗಳಲ್ಲಿ ಇದು ತೋರಿಸುವ ಒತ್ತಡ ಸಾಂದ್ರತೆಯಿಂದ ಭಾಗಿಸಿದ್ದು, ಆದ್ದರಿಂದ ಗಾಳಿಗೆ ಸುಮಾರು 1.2ರಿಂದ ಗುಣಿಸಿದರೆ ಮಾತ್ರ ಪ್ಯಾಸ್ಕಲ್ ಸಿಗುತ್ತದೆ.

ತಂತ್ರಾಂಶ ಮುಖ್ಯವಾಗಿ ಎರಡು ಕವಲುಗಳಲ್ಲಿ (ಪ್ರತ್ಯೇಕ ಆವೃತ್ತಿಗಳಲ್ಲಿ) ಬೆಳೆಯುತ್ತಿದ್ದು, ಒಂದರ ಕಡತ ಇನ್ನೊಂದರಲ್ಲಿ ಹಾಗೆಯೇ ಓಡುತ್ತದೆಂಬ ಭರವಸೆಯಿಲ್ಲ. ಹೊಸಬರು ಒಂದನ್ನೇ ಆರಿಸಿಕೊಂಡು ಅದರಲ್ಲೇ ಕಲಿಯುವುದು ಒಳ್ಳೆಯದು.