ನಾಲ್ಕು ತಿಂಗಳ ಖಾನಾವಳಿ ಊಟ, ಐದು ಸೆಂಟಿಮೀಟರ್ ಹೊಟ್ಟೆ

ನನ್ನ ಪ್ಯಾಂಟಿನ ಸೈಜು 15 ವರ್ಷದಿಂದ 36. ಇದನ್ನು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ಓಡಾಡುತ್ತಿದ್ದೆ. ಹೋದ ವರ್ಷ ಅಂಗಿ ಹೊಲಿಸಲು ಹೋದಾಗ ಟೇಲರ್ ಕಾಕಾ ಹೊಕ್ಕಳ ಹತ್ತಿರ ಟೇಪು ಸುತ್ತಿದರು. ಏನೂ ಮಾತಾಡದೆ ಚೀಟಿಯಲ್ಲಿ 40 ಅಂತ ಬರೆದುಕೊಂಡರು. ಹೊಟ್ಟೆ ಬೆಳೆದಂತೆಲ್ಲ ನಾನು ಪ್ಯಾಂಟನ್ನು ಕೆಳಗಿಳಿಸಿ ಕಟ್ಟುತ್ತಾ ಬಂದಿದ್ದೆ, ಅಷ್ಟೇ.

ನನಗೆ 46. ವಿಜಯಪುರದಲ್ಲಿ ಕುರ್ಚಿ ಮೇಲಿನ ಕೆಲಸ. ಮನೆಯವರು, ಮಕ್ಕಳು ಬಾಗಲಕೋಟೆಯಲ್ಲಿ. ಹೀಗಾಗಿ ವಾರಕ್ಕೆ ಆರು ದಿನ ನನ್ನ ಹೊಟ್ಟೆ ಖಾನಾವಳಿಯ ಕೈಯಲ್ಲಿ. ಬಾರಾ ಕಮಾನಿನಿಂದ ನಡೆದು ಹೋಗುವಷ್ಟು ದೂರದ ಓಣಿಯಲ್ಲಿ ಒಬ್ಬ ಅಕ್ಕಾರು ತಮ್ಮ ಮನೆಯ ಪಡಸಾಲೆಯಲ್ಲೇ ನಡೆಸುವ ಖಾನಾವಳಿ ಅದು. ಹೆಸರು ಹಾಕುವುದಿಲ್ಲ. 30 ಮಂದಿಗಿಂತ ಜಾಸ್ತಿ ಆದರೆ ಕೈ ಸಾಲೋದಿಲ್ಲ ಅಂತ ಅವರೇ ಹೇಳಿದ್ದಾರೆ. ತಿಂಗಳಿಗೆ 3,200 ರೂಪಾಯಿ, ಎರಡು ಹೊತ್ತಿನ ಊಟ.

ಅಲ್ಲಿ ಸೇರುವ ಮೊದಲು ಒಂದು ದಡ್ಡತನ ಮಾಡಿದ್ದೆ. ಆನ್‌ಲೈನಿನಲ್ಲಿ 1,400 ರೂಪಾಯಿ ಕೊಟ್ಟು ಹೊಟ್ಟೆಗೆ ಕಟ್ಟುವ ಬೆಲ್ಟ್ ತರಿಸಿದೆ. ಕಟ್ಟಿಕೊಂಡರೆ ಬೆವರು ಧಾರಾಕಾರ. ತೂಕ ಅರ್ಧ ಕಿಲೋ ಇಳಿಯಿತು, ಒಂದು ತಂಬಿಗೆ ನೀರು ಕುಡಿದ ಮೇಲೆ ಮತ್ತೆ ಏರಿತು. ಅದು ಬರೀ ನೀರಿನ ತೂಕ. ಈಗ ಆ ಬೆಲ್ಟನ್ನು ನಮ್ಮವ್ವ ಸೊಂಟ ನೋವಿಗೆ ಕಟ್ಟಿಕೊಳ್ಳುತ್ತಾಳೆ, ಆಕೆಗೆ ಚೊಲೊ ಅನಿಸಿದೆ. ಆಫೀಸಿನ ಹುಡುಗನ ಮಾತು ಕೇಳಿ ದಿನಕ್ಕೆ 50 ಸಿಟಪ್ ಕೂಡ ಮಾಡಿದೆ. ಕುತ್ತಿಗೆ ಹಿಡಿಯಿತು. ಸಿಟಪ್‌ನಿಂದ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಮೇಲಿರುವ ಕೊಬ್ಬು ಮಾತ್ರ ಅಲ್ಲೇ ಕೂತಿರುತ್ತದೆ. ಮೈಯ ಒಂದೇ ಜಾಗದ ಕೊಬ್ಬನ್ನು ಆರಿಸಿ ಕರಗಿಸಲು ಆಗೋದಿಲ್ಲ.

ಇನ್ನು ಖಾನಾವಳಿಗೆ ಬರೋಣ. ಮೊದಲ ದಿನ ಕೂತಾಗ ನನ್ನ ತಲೆಯಲ್ಲಿದ್ದುದು ಒಂದೇ ಮಾತು: ಜೋಳದ ರೊಟ್ಟಿ ತಿಂದರೆ ಹೊಟ್ಟೆ ಕರಗುತ್ತದೆ. ನಮ್ಮ ಕಡೆ ಇದನ್ನು ಯಾರೂ ಪ್ರಶ್ನೆ ಮಾಡೋದಿಲ್ಲ. ಅಕ್ಕಾರ ರೊಟ್ಟಿಯೂ ಹಾಗೇ ಇದೆ. ಬಿಸಿ ನೀರಲ್ಲಿ ನಾದಿದ ಹಿಟ್ಟು, ಪಟಪಟ ಬಡಿತ, ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ತಿರುವಿ ಹಾಕಿ ಉಬ್ಬಿಸುತ್ತಾರೆ. ಒಂದು ಹನಿ ಎಣ್ಣೆ ಇಲ್ಲ. ಹಾಗಾಗಿ ಧೈರ್ಯವಾಗಿ ನಾಲ್ಕು ತಿನ್ನುತ್ತಿದ್ದೆ. ಒಂದು ತಿಂಗಳಾದ ಮೇಲೆ ಟೇಪು ಹಿಡಿದರೆ ಅದೇ 40 ಇಂಚು, ಅಂದರೆ 102 ಸೆಂಟಿಮೀಟರ್.

ಸಿಟ್ಟು ಬಂತು. ಒಂದು ಭಾನುವಾರ ಬಾಗಲಕೋಟೆಯ ಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಲೆಕ್ಕಕ್ಕೆ ಕೂತೆ. ಜೋಳದ ಹಿಟ್ಟು, ಗೋಧಿ ಹಿಟ್ಟು, ಎರಡರಲ್ಲೂ 100 ಗ್ರಾಂಗೆ ಹೆಚ್ಚುಕಡಿಮೆ 320ರಿಂದ 350 ಕ್ಯಾಲೊರಿ. ದೊಡ್ಡ ವ್ಯತ್ಯಾಸವೇ ಇಲ್ಲ! ಜೋಳದಲ್ಲಿ ನಾರು ಚೆನ್ನಾಗಿದೆ, ಹೊಟ್ಟೆ ಬೇಗ ತುಂಬಿ ತಡವಾಗಿ ಹಸಿಯುತ್ತದೆ, ಎಣ್ಣೆ ಬೇಕಾಗೋದಿಲ್ಲ. ಲಾಭ ಇರುವುದು ಅಲ್ಲಿ. ಆದರೆ ನಾಲ್ಕು ರೊಟ್ಟಿ ಅಂದರೆ ಸುಮಾರು 800 ಕ್ಯಾಲೊರಿ, ಅದನ್ನು ಯಾವ ನಾರೂ ಮುಚ್ಚಿಡೋದಿಲ್ಲ.

ನಿಜವಾದ ಕಳ್ಳ ರೊಟ್ಟಿಯ ಪಕ್ಕದಲ್ಲಿ ಕೂತಿದ್ದ. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಅಕ್ಕಾರ ಹಿಂಡಿ ಇಡೀ ಓಣಿಗೇ ಹೆಸರುವಾಸಿ, ಕಲ್ಲಲ್ಲಿ ಕುಟ್ಟಿ ಮಾಡುತ್ತಾರೆ, ಬೆಳ್ಳುಳ್ಳಿ ಘಮ ಬಾಗಿಲಿಗೇ ಬರುತ್ತದೆ. ನಾನು ಹಿಂಡಿಯ ಗುಡ್ಡೆ ಮಾಡಿ, ನಡುವೆ ಬೆರಳಲ್ಲಿ ಕುಣಿ ತೋಡಿ, ಅದರ ತುಂಬ ಎಣ್ಣೆ ಹಾಕಿಸಿಕೊಳ್ಳುತ್ತಿದ್ದೆ. ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ. ನಾನು ಎರಡು ಹಾಕಿಸಿಕೊಳ್ಳುತ್ತಿದ್ದೆ. ಶೇಂಗಾ ಕೂಡ 100 ಗ್ರಾಂಗೆ 560ರ ಮೇಲೆ. ಪ್ರೋಟೀನು ಒಳ್ಳೆಯದೇ, 25 ಗ್ರಾಂ ಇದೆ, ಆದರೆ ಮುಷ್ಟಿಗಟ್ಟಲೆ ತಿನ್ನುವ ವಸ್ತು ಅಲ್ಲ. ಮೇಲೆ ತೇಲುವ ಎಣ್ಣೆಯ ಬದನೆಕಾಯಿ ಎಣಗಾಯಿ. ಕೊನೆಗೆ ಅನ್ನ, ಕಟ್ಟಿನ ಸಾರು. ಅನ್ನ ಉಂಡರೇ ಊಟ ಮುಗಿದಂತೆ ನಮಗೆ, ಅಲ್ವಾ?

ಮರುದಿನ ಅಕ್ಕಾರ ಹತ್ತಿರ ಮಾತಾಡಿದೆ.

"ಎರಡ ರೊಟ್ಟಿ ಸಾಕ್ರಿ ಅಕ್ಕಾರ."

"ಎರಡ? ಯಾಕ್ರಿ, ಜ್ವರ ಬಂದಾವೇನು?"

"ಇಲ್ರಿ, ಹೊಟ್ಟಿ ಬಂದೈತಿ."

ನಕ್ಕರು. ಆದರೆ ಮನಸ್ಸಿಗೆ ಸ್ವಲ್ಪ ನೋವೂ ಆಗಿತ್ತು ಅಂತ ಕಾಣುತ್ತದೆ. ಎರಡು ದಿನ ನನ್ನ ತಾಟಿನ ಕಡೆಗೆ ನೋಡದೆ ಬಡಿಸಿದರು. ಮೂರನೇ ದಿನ ತಾವೇ ಬಂದು ಕೂತು ಒಪ್ಪಂದ ಮಾಡಿಕೊಂಡರು. ಎರಡು ರೊಟ್ಟಿ, ಆದರೆ ಮಡಿಕೆಕಾಳು ಇಲ್ಲವೇ ಹೆಸರುಕಾಳಿನ ಪಲ್ಯ ಎರಡು ಸಲ. ಮೊದಲು ಪಚಡಿ, ಆಮೇಲೆ ಉಳಿದದ್ದು. ಹಿಂಡಿ ಒಂದೇ ಚಮಚ, ಅದೂ ಮೊಸರಲ್ಲಿ ಕಲಸಿ. ಎಣಗಾಯಿ ಇದ್ದ ದಿನ ಮೇಲಿನ ಎಣ್ಣೆ ಬಗ್ಗಿಸಿ ಕೊಡುವುದು. ಅನ್ನ ಮಧ್ಯಾಹ್ನ ಒಂದು ಸೌಟು, ರಾತ್ರಿ ಇಲ್ಲ. ಈ ಒಪ್ಪಂದವನ್ನು ಅವರು ಒಂದು ದಿನವೂ ಮರೆಯಲಿಲ್ಲ. ನಾನೇ ಎರಡು ಸಲ ಮುರಿದೆ. ದುಡ್ಡು ನುಂಗುವ ಯಾವ ಡಯಟ್ ಪ್ಲಾನಿನಲ್ಲೂ ಇಂಥ ಸೇವೆ ಸಿಗೋದಿಲ್ಲ.

ಪಚಡಿ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹಕ್ಕರಕಿ ಸೊಪ್ಪು, ಮೂಲಂಗಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು. ಸಣ್ಣಗೆ ಹೆಚ್ಚಿ ಉಪ್ಪು, ಲಿಂಬೆ ಹಿಂಡಿರುತ್ತಾರೆ. ಹಕ್ಕರಕಿಯ ಆ ಕಹಿ ಮೊದಲ ವಾರ ಬೇಡ ಅನಿಸಿತು. ಈಗ ಅದಿಲ್ಲದಿದ್ದರೆ ರೊಟ್ಟಿ ಸಪ್ಪೆ. ಒಂದು ಬಟ್ಟಲು ಪಚಡಿ ಒಳಗೆ ಹೋದ ಮೇಲೆ ಮೂರನೇ ರೊಟ್ಟಿ ಕೇಳಲು ಬಾಯಿಯೇ ಬರೋದಿಲ್ಲ.

ದೂರುಗಳೂ ಇವೆ. ಸೊಪ್ಪಿನ ರೇಟು ಏರಿದ ವಾರ ಪಚಡಿ ಮಾಯ, ಬರೀ ಉಳ್ಳಾಗಡ್ಡಿ ಸೀಳು. ರೇಟು ಏರಿದರೆ ನನ್ನ 3,200 ಇಳಿಯೋದಿಲ್ಲವಲ್ಲ. ಕುಡಿಯುವ ನೀರು ಸವುಳು, ಬಾಟಲಿ ತೆಗೆದುಕೊಂಡು ಹೋಗಿ. ಅಮಾವಾಸ್ಯೆಗೆ ಶೇಂಗಾ ಹೋಳಿಗೆ ಕಡ್ಡಾಯ, ಬೇಡ ಅಂದರೆ ಹಬ್ಬಕ್ಕೇ ಬೇಡ ಅಂದಂತೆ. ಎಲ್ಲಕ್ಕಿಂತ ದೊಡ್ಡದು ರಾತ್ರಿಯ ಹೊತ್ತು. ಊಟ ಶುರುವಾಗುವುದೇ ಒಂಬತ್ತಕ್ಕೆ. ಉಂಡು ರೂಮಿಗೆ ಬಂದರೆ ಹಾಸಿಗೆ, ಮೊಬೈಲು. ಕೊನೆಗೆ ಜಗಳವಾಡಿ ಏಳೂವರೆಗೇ ಡಬ್ಬಿ ಕಟ್ಟಿಸಿಕೊಳ್ಳುತ್ತಿದ್ದೇನೆ. ಡಬ್ಬಿಯ ರೊಟ್ಟಿ ತಣ್ಣಗಾಗಿ ಚರ್ಮದಂತಾಗುತ್ತದೆ. ಈಗ ಖಡಕ್ ರೊಟ್ಟಿ ಹಾಕಿಸಿಕೊಳ್ಳುತ್ತೇನೆ, ಅದಕ್ಕೆ ಆ ತೊಂದರೆ ಇಲ್ಲ.

ಊಟ ಒಂದೇ ಈ ಕೆಲಸ ಮಾಡಿತು ಅಂದರೆ ಸುಳ್ಳಾಗುತ್ತದೆ. ವಾರಕ್ಕೆ ಐದು ದಿನ ಮುಂಜಾನೆ ಗೋಳಗುಮ್ಮಟದ ಆವರಣದಲ್ಲಿ 40 ನಿಮಿಷ ಬಿರುಸಾಗಿ ನಡೆಯುತ್ತೇನೆ. ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಂದು 200 ಆಗುತ್ತದೆ. ಜೊತೆಗೆ ನಡೆಯುವ ನಿವೃತ್ತ ಮಾಸ್ತರರು ಮೊದಲ ದಿನ ನನ್ನನ್ನು ನೋಡಿ, "ಒಂದು ಗುಮ್ಮಟದ ಸುತ್ತ ಇನ್ನೊಂದು ಗುಮ್ಮಟ ತಿರಗಾಕತ್ತೈತಿ" ಅಂದಿದ್ದರು. 1656ರ ಗುಮ್ಮಟ ಹಾಗೇ ನಿಂತಿದೆ, ನಂದು ಸ್ವಲ್ಪ ಕುಸಿದಿದೆ. ದಿನಕ್ಕೆ ಆರು ಚಹಾ, 12 ಚಮಚ ಸಕ್ಕರೆ ಇತ್ತು. ಈಗ ಎರಡೇ ಚಹಾ. ಸಂಜೆಯ ಮಿರ್ಚಿ ಭಜಿ ಶನಿವಾರಕ್ಕೆ ಮಾತ್ರ. ನಿದ್ದೆ ಹನ್ನೊಂದಕ್ಕೆ, ಇದನ್ನು ಮಾತ್ರ ಇನ್ನೂ ಪೂರ್ತಿ ಪಾಲಿಸಲು ಆಗಿಲ್ಲ.

ಟೇಪು ಹಿಡಿಯುವುದರಲ್ಲೂ ನಾನು ಮೋಸ ಮಾಡಿಕೊಳ್ಳುತ್ತಿದ್ದೆ, ಉಸಿರು ಎಳೆದು ಹೊಟ್ಟೆ ಒಳಗೆ ತಳ್ಳಿ! ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಇಟ್ಟು, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೆಯಬೇಕು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯ ಬೊಜ್ಜು ಅಂತ ಲೆಕ್ಕ. ಈ ಕೊಬ್ಬಿನಲ್ಲಿ ಒಂದು ಪಾಲು ಚರ್ಮದ ಕೆಳಗಲ್ಲ, ಒಳಗೆ ಕರುಳು, ಯಕೃತ್ತಿನ ಸುತ್ತ ಕೂರುತ್ತದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ದಾರಿ ಮಾಡುವುದು ಅದೇ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ 39.5% ಮಂದಿಗೆ ಹೊಟ್ಟೆಯ ಬೊಜ್ಜು ಇತ್ತು. ಜೊತೆಗೆ ಬಹಳ ಮಂದಿ ಇದ್ದಾರೆ ಅನ್ನೋದು ಸಮಾಧಾನವೋ ಹೆದರಿಕೆಯೋ ಗೊತ್ತಾಗಲಿಲ್ಲ.

ನಾಲ್ಕನೇ ತಿಂಗಳ ಕೊನೆಗೆ ನಂದು 97. ತೂಕ 84ರಿಂದ 79. ತೊಂಬತ್ತು ಇನ್ನೂ ದೂರ ಇದೆ. ಟೇಲರ್ ಕಾಕಾ ಹಳೆಯ ಅಂಗಿಗಳ ಬದಿ ಹಿಡಿದು ಹೊಲಿದು ಕೊಟ್ಟಿದ್ದಾರೆ, 150 ರೂಪಾಯಿ ಖರ್ಚು.

ಖಾನಾವಳಿಗೆ ಐದಕ್ಕೆ ನಾಲ್ಕು ಅಂಕ. ಒಂದು ಅಂಕ ನೀರಿಗೆ ಮತ್ತು ಪಚಡಿ ಇಲ್ಲದ ವಾರಗಳಿಗೆ ಕಳೆದಿದ್ದೇನೆ. ಭಾನುವಾರ ರಾತ್ರಿ ಬಂದ್. ಹೋಗುವವರು ಒಂದನೇ ತಾರೀಖಿಗೆ ಮುಂಗಡ ಕೊಡಬೇಕು. ಎಷ್ಟು ರೊಟ್ಟಿ ಅಂತ ಮೊದಲ ದಿನವೇ ಹೇಳಿಬಿಡಿ. ಸುಮ್ನೆ ಕೂತರೆ ಅಕ್ಕಾರು ನಾಲ್ಕು ಹಾಕಿಯೇ ಮುಂದಿನ ತಾಟಿಗೆ ಹೋಗುವುದು.